‘ಅಪಾಯಕ್ಕೆ ಒಡ್ಡು’: ಬಳಸುವುದು ಹೇಗೆ?

ಮಳೆ ಬಂದಾಗ ಸೂರಿನಿಂದ ಇಳಿಯುವ ನೀರಿಗೆ ಅಜ್ಜಿ ಕೊಡಪಾನ ಒಡ್ಡುತ್ತಿದ್ದಳು. ಚಳಿಗಾಲದ ಬೆಳಿಗ್ಗೆ ಎಳೆಬಿಸಿಲಿಗೆ ಬೆನ್ನೊಡ್ಡಿ ಕೂರುತ್ತಿದ್ದಳು. ‘ಒಡ್ಡು’ ಎಂಬ ಕ್ರಿಯಾಪದದ ಜೀವ ಇರುವುದು ಇಲ್ಲೇ. ಎದುರಿಂದ ಬರುವುದಕ್ಕೆ ಏನನ್ನಾದರೂ ಮುಂದೆ ಹಿಡಿಯುವುದು. ಬಿಸಿಲಿನ ಜಾಗದಲ್ಲಿ ಅಪಾಯವನ್ನು ಇಟ್ಟು ನೋಡಿ, ‘ಅಪಾಯಕ್ಕೆ ಒಡ್ಡು’ ಆಯಿತು.

ಬರೆಯುವಾಗ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಏನನ್ನು ಒಡ್ಡಿದ್ದು? ಯಾವುದಕ್ಕೆ? ‘ಆಟೊದಲ್ಲಿ 12 ಮಕ್ಕಳನ್ನು ತುಂಬಿ ಅವರ ಜೀವವನ್ನು ಅಪಾಯಕ್ಕೆ ಒಡ್ಡಿದ.’ ಎರಡಕ್ಕೂ ಉತ್ತರ ಸಿಕ್ಕಿತು, ಅಲ್ವಾ? ‘ಮಕ್ಕಳಿಗೆ ಅಪಾಯಕ್ಕೆ ಒಡ್ಡಿದ’ ಎಂದರೆ ವಾಕ್ಯ ಕುಂಟುತ್ತದೆ. ‘ಮಕ್ಕಳಿಗೆ’ ಎಂದೇ ಶುರು ಮಾಡಿದ್ದರೆ ‘ಅಪಾಯ ತಂದ’ ಎಂದು ಮುಗಿಸಿ.

ಆಮೇಲೆ, ಪೆಟ್ಟು ಬಿದ್ದಿದೆಯೋ ಇಲ್ಲವೋ ನೋಡಿ. ಜಾಸ್ತಿ ಜನ ಎಡವುವುದು ಇಲ್ಲಿ. ಆಟೊ ಮಗುಚದಿದ್ದರೂ, ಒಂದು ಮಗುವಿಗೂ ತರಚದಿದ್ದರೂ ಅವರನ್ನು ಅಪಾಯಕ್ಕೆ ಒಡ್ಡಿದ್ದು ಸುಳ್ಳಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್ ಪ್ರಕಾರ, ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಬೇರೆಯವರ ಜೀವವನ್ನು ಅಪಾಯಕ್ಕೆ ಒಡ್ಡುವುದೇ ಅಪರಾಧ. ಯಾರಿಗೂ ಗಾಯವಾಗದಿದ್ದರೂ ಮೂರು ತಿಂಗಳವರೆಗೆ ಜೈಲಾಗಬಹುದು. ಗಾಯವಾದರೆ ಶಿಕ್ಷೆ ಇನ್ನೂ ಹೆಚ್ಚು. ಹಾಗಾಗಿ ಕಾಲು ಮುರಿದ ಮೇಲೆ ಬರೆಯುವ ಸುದ್ದಿಗೆ ಈ ಮಾತೊಂದೇ ಸಾಲದು. ‘ಗಾಯಗೊಳಿಸಿದ’ ಎಂದು ನೇರವಾಗಿ ಬರೆಯಿರಿ.

ತಾನೇ ಮುನ್ನುಗ್ಗಿದವರಿಗೆ ‘ಒಡ್ಡಿಕೊಳ್ಳು’ ಬೇಕು. ಉರಿಯುವ ಮನೆಗೆ ನುಗ್ಗಿದ ಅಗ್ನಿಶಾಮಕ ಸಿಬ್ಬಂದಿ ತಮ್ಮನ್ನು ಅಪಾಯಕ್ಕೆ ಒಡ್ಡಿಕೊಂಡರು. ಆ ‘ಕೊಂಡರು’ ಬಿಟ್ಟುಹೋದರೆ ಅವರ ಧೈರ್ಯವೇ ವಾಕ್ಯದಿಂದ ಬಿಟ್ಟುಹೋಗುತ್ತದೆ.

ಗೆಲ್ಲುವ ಆಸೆಯೂ ಜೊತೆಗಿದ್ದರೆ ‘ಪಣಕ್ಕೆ ಒಡ್ಡು’ ಸರಿ. ಪಗಡೆಯಲ್ಲಿ ಧರ್ಮರಾಯ ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು ಒಡ್ಡಿದ್ದು ಹೀಗೆ. ಸುಮ್ನೆ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವವನಿಗೆ ಗೆಲ್ಲುವುದೇನಿದೆ? ಅವನ ವಿಷಯದಲ್ಲಿ ‘ಪಣ’ ಬೇಡ.

‘ಜೀವಕ್ಕೆ ಸಂಚಕಾರ’ ಎಂಬ ಮಾತು ನನಗೆ ತುಂಬಾ ಇಷ್ಟ. ಸಂಚಕಾರ ಎಂದರೆ ವ್ಯಾಪಾರ ಕುದುರಿದಾಗ ಕೊಡುವ ಮುಂಗಡ ಹಣ. ಜೀವಕ್ಕೆ ಸಂಚಕಾರ ಬಂತು ಎಂದರೆ ಅದಕ್ಕೆ ಆಗಲೇ ಯಾರೋ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದಾರೆ ಎಂದಂತೆ. ಅಷ್ಟು ಹತ್ತಿರದ ಅಪಾಯವಿದ್ದಾಗ ಮಾತ್ರ ಇದನ್ನು ಬಳಸಿ.