ಇಂಟರ್ನೆಟ್ ಹೋದಾಗ ಅಮ್ಮ ಏನು ಮಾಡಬೇಕು?

ಮೈಸೂರಿನ ನಮ್ಮ ಮನೆಯಲ್ಲಿ ನೀರಿನ ಮೋಟಾರಿನ ಸ್ವಿಚ್ ಹಿತ್ತಲ ಗೋಡೆಯ ಮೇಲಿದೆ. 1991ರಲ್ಲಿ ಅಪ್ಪ ಮನೆ ಕಟ್ಟಿಸಿದಾಗ ಸಂಪ್ ಹಿತ್ತಲಿಗೆ ಬಂತು, ಸ್ವಿಚ್ಚೂ ಅಲ್ಲೇ ಬಂತು. ಅಡುಗೆಮನೆಯ ಬಾಗಿಲಿನಿಂದ ಅಲ್ಲಿಗೆ ಹದಿನಾಲ್ಕು ಹೆಜ್ಜೆ. ನಡುವೆ ಬಟ್ಟೆ ಒಗೆಯುವ ಕಲ್ಲು, ಮಳೆಗಾಲದಲ್ಲಿ ಪಾಚಿ ಕಟ್ಟುವ ಕಲ್ಲುಹಾಸು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬಳೇ ಇದ್ದಾಳೆ. ಅವಳಿಗೀಗ 76, ಎರಡೂ ಮಂಡಿಗಳಲ್ಲಿ ನೋವು. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಶನಿವಾರ ಬೆಳಗಿನ ರೈಲಿಗೆ ಹೋಗಿ ಭಾನುವಾರ ಸಂಜೆ ಹಿಂತಿರುಗುತ್ತೇನೆ. ವಾರದ ಉಳಿದ ಐದು ದಿನ ಆ ಹದಿನಾಲ್ಕು ಹೆಜ್ಜೆಗಳ ಚಿಂತೆ ನನ್ನನ್ನು ಬಿಡುತ್ತಿರಲಿಲ್ಲ.

ಇಂಟರ್ನೆಟ್‌ಗೆ ಜೋಡಿಸುವ ಸಾಧನಗಳ ಕಡೆಗೆ ನಾನು ತಿರುಗಿದ್ದು ಆ ಚಿಂತೆಯಿಂದಲೇ. ಆದರೆ ಮೊದಲು ತಂದದ್ದು ಅದಕ್ಕೆ ಸಂಬಂಧವೇ ಇಲ್ಲದ ವಸ್ತುಗಳನ್ನು: ಫೋನಿನಿಂದ ಹತ್ತುವ ಎರಡು ಬಲ್ಬ್, ಮಾತು ಕೇಳುವ ಒಂದು ಸ್ಪೀಕರ್. ಅಂಗಡಿಯಲ್ಲಿ ಅವು ಚೆನ್ನಾಗಿ ಕಂಡವು, ಬೆಲೆಯೂ ಕಡಿಮೆಯಿತ್ತು. ಮೂರನೆಯ ರಾತ್ರಿ ಕರೆಂಟ್ ಹೋಯಿತು. ಎರಡೂವರೆಗೆ ಬಂದಾಗ ಅಮ್ಮನ ಕೋಣೆಯ ಬಲ್ಬ್ ಪೂರ್ತಿ ಬೆಳಕಿನಲ್ಲಿ ಹತ್ತಿಕೊಂಡಿತು. ಇಂಥ ಬಲ್ಬ್ ಫೋನಿನ ಮಾತು ಕೇಳಬೇಕಾದರೆ ಗೋಡೆಯ ಸ್ವಿಚ್ ಯಾವಾಗಲೂ ಆನ್ ಆಗಿರಬೇಕು. ಕರೆಂಟ್ ಬಂದೊಡನೆ ಉರಿಯುವಂತೆಯೇ ಹೆಚ್ಚಿನವು ಕಾರ್ಖಾನೆಯಿಂದ ಬರುತ್ತವೆ. ಅದನ್ನು ಬದಲಿಸುವ ಸೆಟ್ಟಿಂಗ್ ಇದೆ, ನನಗೆ ಗೊತ್ತಾದದ್ದು ಆಮೇಲೆ. ಮರುದಿನದಿಂದ ಅಮ್ಮ ಮಲಗುವ ಮುಂಚೆ ಗೋಡೆಯ ಸ್ವಿಚ್ಚನ್ನೇ ಆರಿಸತೊಡಗಿದಳು. ಆರಿಸಿದರೆ ಆ್ಯಪ್‌ನ ಪಾಲಿಗೆ ಬಲ್ಬ್ ಇಲ್ಲವೇ ಇಲ್ಲ.

ಸ್ಪೀಕರ್ ಇಂಗ್ಲಿಷ್ ಮತ್ತು ಹಿಂದಿ ಮಾತ್ರ ಕೇಳುತ್ತಿತ್ತು. ಅಮ್ಮ ಎರಡು ದಿನ ಪ್ರಯತ್ನಪಟ್ಟು, "ನನ್ನ ಮನೆಯ ದೀಪ ಹತ್ತಿಸಲು ನಾನು ಕನ್ನಡದಲ್ಲಿ ಹೇಳಿದರೆ ಆಗುವುದಿಲ್ಲವೇನೋ?" ಎಂದು ಕೇಳಿದಳು. ಆ ಪ್ರಶ್ನೆ ನನ್ನನ್ನು ಚುಚ್ಚಿತು. ಎರಡನ್ನೂ ಬೆಂಗಳೂರಿಗೆ ವಾಪಸು ತಂದೆ. ಅಮ್ಮನ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ಮನುಷ್ಯರ ಚಲನೆ ಕಂಡರೆ ತಾನಾಗಿ ಹತ್ತಿ ಒಂದು ನಿಮಿಷಕ್ಕೆ ಆರುವ ಸಾಮಾನ್ಯ ಸೆನ್ಸರ್ ಬಲ್ಬ್ ಹಾಕಿದೆ. ಅದಕ್ಕೆ ಇಂಟರ್ನೆಟ್ಟೂ ಬೇಡ, ಆ್ಯಪ್ಪೂ ಬೇಡ. ಇಷ್ಟು ವರ್ಷಗಳಲ್ಲಿ ಆ ಮನೆಗೆ ನಾನು ತಂದ ಅತ್ಯುಪಯುಕ್ತ ವಸ್ತುಗಳಲ್ಲಿ ಅದೂ ಒಂದು.

ಇನ್ನು ಮೋಟಾರು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಾನು ಮಾಡಿದ ತಪ್ಪನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ನಮ್ಮದು ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರು. 16 ಆಂಪಿಯರ್ ಎಂದು ಬರೆದಿದ್ದ ವೈಫೈ ಸ್ವಿಚ್ ತಂದು ನೇರವಾಗಿ ಅದಕ್ಕೆ ಜೋಡಿಸಿದೆ. ಮೋಟಾರು ಓಡುವಾಗ ಎಳೆಯುವುದು ಐದಾರು ಆಂಪಿಯರ್ ಮಾತ್ರ, ಬೇಕಾದಷ್ಟಾಯಿತು ಅಂದುಕೊಂಡೆ. ನಾಲ್ಕು ತಿಂಗಳು ಏನೂ ತೊಂದರೆಯಾಗಲಿಲ್ಲ. ಅಮ್ಮ ಫೋನ್ ಮಾಡಿ "ನೀರು ಬಿಡೋ" ಎನ್ನುತ್ತಿದ್ದಳು, ನಾನು ಕಚೇರಿಯಲ್ಲಿ ಕೂತು ಬೆರಳಿನಲ್ಲಿ ಒತ್ತುತ್ತಿದ್ದೆ. ಒಂದು ಬುಧವಾರ ಮಧ್ಯಾಹ್ನ ಪಕ್ಕದ ಮನೆಯವರು ಫೋನ್ ಮಾಡಿದರು: ಟ್ಯಾಂಕ್ ತುಂಬಿ ಅವರ ಶೀಟಿನ ಮೇಲೆ ನೀರು ಸುರಿಯುತ್ತಿತ್ತು. ಆ್ಯಪ್ ನೋಡಿದರೆ ಮೋಟಾರು ಆಫ್ ಎಂದಿತ್ತು. ಮತ್ತೆ ಆನ್ ಮಾಡಿ ಆಫ್ ಮಾಡಿದೆ. ಆಫ್ ಎಂದೇ ತೋರಿಸಿತು. ನೀರು ನಿಲ್ಲಲಿಲ್ಲ. ಕೊನೆಗೆ ಅಮ್ಮ ಒದ್ದೆ ಹಾಸಿನ ಮೇಲೆ ಗೋಡೆ ಹಿಡಿದುಕೊಂಡು ಹೋಗಿ ಲೈನಿನ ಕರೆಂಟನ್ನೇ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿದಳು. ಯಾವ ನಡಿಗೆಯನ್ನು ತಪ್ಪಿಸಲು ಇಷ್ಟೆಲ್ಲ ಮಾಡಿದ್ದೆನೋ ಅದೇ ನಡಿಗೆ, ಅದೂ ಗಾಬರಿಯಲ್ಲಿ.

ಶನಿವಾರ ಸ್ವಿಚ್ ಬಿಚ್ಚಿ ನೋಡಿದೆ. ಒಳಗೆ ಕರೆಂಟನ್ನು ಕೂಡಿಸಿ ಕಡಿಯುವ ರಿಲೇಯ ಎರಡು ಸಂಪರ್ಕ ಬಿಂದುಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು, ಸುತ್ತ ಮಸಿ. ನಮ್ಮ ಬಡಾವಣೆಯ ಎಲೆಕ್ಟ್ರಿಷಿಯನ್ ನೋಡಿದ ಕೂಡಲೇ ಹೇಳಿದರು. ಮೋಟಾರು ಶುರುವಾಗುವ ಆ ಒಂದು ಕ್ಷಣ, ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಪೆಟ್ಟಿಗೆಯ ಮೇಲಿನ 16 ಆಂಪಿಯರ್ ಎಂಬುದು ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಬಿಸಿಯಾಗುವ ಸಾಧನಗಳ ಲೆಕ್ಕ, ಮೋಟಾರಿನದ್ದಲ್ಲ. ಪ್ರತಿ ಸಲ ಶುರುವಾದಾಗಲೂ ಬಿಂದುಗಳ ನಡುವೆ ಕಿಡಿ ಹಾರಿ, ಸ್ವಲ್ಪ ಸ್ವಲ್ಪವೇ ಸುಟ್ಟು, ಕೊನೆಗೊಂದು ದಿನ ಅಂಟಿಕೊಂಡಿವೆ. ಅದರ ಜೊತೆಗೆ ನಾನು ಕಲಿತ ಇನ್ನೊಂದು ಸಂಗತಿ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಆ್ಯಪ್ ತೋರಿಸುತ್ತಿದ್ದದ್ದು ಅದು ಕೊಟ್ಟ ಆಜ್ಞೆಯನ್ನು. ಹಿತ್ತಲಿನಲ್ಲಿ ನಿಜವಾಗಿ ನಡೆಯುತ್ತಿದ್ದದ್ದನ್ನಲ್ಲ.

ಅಲ್ಲಿಂದ ಮುಂದೆ ಯಾವ ಸಾಧನ ಕೊಳ್ಳುವಾಗಲೂ ಒಂದೇ ಪ್ರಶ್ನೆಯಿಂದ ಶುರುಮಾಡುತ್ತೇನೆ: ಇಂಟರ್ನೆಟ್ ಹೋದಾಗ, ನನ್ನ ಫೋನ್ ಸಿಗದಾಗ, ಅಮ್ಮ ಏನು ಮಾಡಬೇಕು? ಉತ್ತರ "ಮೊದಲಿನಂತೆಯೇ ಗುಂಡಿ ಒತ್ತಬೇಕು" ಎಂದಾದರೆ ಮಾತ್ರ ಮುಂದಿನ ಯೋಚನೆ.

ಮೋಟಾರಿನ ವ್ಯವಸ್ಥೆಯನ್ನು ಹೊಸದಾಗಿ ಮಾಡಿಸಿದೆವು. ಮೋಟಾರಿನ ಭಾರ ಹೊರಲು ಒಂದು ಕಾಂಟ್ಯಾಕ್ಟರ್, ಅಂದರೆ ಒಳಗಿನ ಕಾಯಿಲ್ (ತಂತಿಸುರುಳಿ) ಕರೆಂಟ್ ಪಡೆದಾಗ ಕೂಡಿಕೊಳ್ಳುವ ದೊಡ್ಡ ಸ್ವಿಚ್. ಅದರ ಕಾಯಿಲ್‌ಗೆ ಟ್ರಾನ್ಸ್‌ಫಾರ್ಮರ್ ಮೂಲಕ 24 ವೋಲ್ಟ್, ಏಕೆಂದರೆ ಸಂಪಿನ ನೀರಿನಲ್ಲಿ 230 ವೋಲ್ಟಿನ ತಂತಿ ಇಳಿಬಿಡುವುದು ನನಗೆ ಬೇಡವಾಗಿತ್ತು. ನೀರಿನ ಮಟ್ಟದೊಂದಿಗೆ ತೇಲಿ ಆನ್ ಆಫ್ ಆಗುವ ಫ್ಲೋಟ್ ಸ್ವಿಚ್ ಮೇಲಿನ ಟ್ಯಾಂಕಿನಲ್ಲಿ ಒಂದು, ಸಂಪಿನಲ್ಲಿ ಒಂದು. ಟ್ಯಾಂಕ್ ತುಂಬಿದರೂ ಸಂಪ್ ಬರಿದಾದರೂ ಕಾಯಿಲ್‌ನ ಕರೆಂಟ್ ಕಡಿದು ಮೋಟಾರು ನಿಲ್ಲುತ್ತದೆ. ಶುರುಮಾಡಲು ಹಸಿರು ಗುಂಡಿ, ನಿಲ್ಲಿಸಲು ಕೆಂಪು ಗುಂಡಿ. ಈ ಗುಂಡಿಗಳನ್ನು ತಂತಿ ಎಳೆದು ಅಡುಗೆಮನೆಯ ಗೋಡೆಗೇ ತಂದೆವು. ಕರೆಂಟ್ ಹೋಗಿ ಬಂದರೆ ಮೋಟಾರು ತಾನಾಗಿ ಶುರುವಾಗುವುದಿಲ್ಲ, ಹಸಿರು ಗುಂಡಿಯನ್ನು ಮತ್ತೆ ಒತ್ತಬೇಕು. ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕೂಡ ಹಾಕಿಸಿದೆ. ನೀರಿನ ಪಕ್ಕದ ಕರೆಂಟಿಗೆ ಅದು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಸಾಮಾನು, ಕೂಲಿ ಸೇರಿ ನನಗೆ ಸುಮಾರು 8,000 ರೂಪಾಯಿ ಆಯಿತು.

ಇಷ್ಟರಲ್ಲಿ ಇಂಟರ್ನೆಟ್ ಎಲ್ಲೂ ಬಂದಿಲ್ಲ ಎಂಬುದನ್ನು ಗಮನಿಸಿ. ಅದು ಬಂದದ್ದು ಕೊನೆಯಲ್ಲಿ. ಎರಡು ಸಣ್ಣ ರಿಲೇಗಳಿರುವ ಸಾಧನವೊಂದನ್ನು ಆ ಎರಡು ಗುಂಡಿಗಳಿಗೆ ಜೋಡಿಸಿದೆವು: ನಾನು ದೂರದಿಂದ ಒತ್ತಿದರೆ ಯಾರೋ ಗುಂಡಿ ಒತ್ತಿದಂತೆಯೇ ಆಗುತ್ತದೆ, ಅಷ್ಟೇ. ಇಲ್ಲಿ ಡ್ರೈ ಕಾಂಟ್ಯಾಕ್ಟ್ ಇರುವ, ಅಂದರೆ ತನ್ನ ಕರೆಂಟನ್ನು ಹೊರಗೆ ಬಿಡದೆ ಎರಡು ತಂತಿಗಳನ್ನು ಬರಿದೇ ಕೂಡಿಸುವ ರಿಲೇಯನ್ನೇ ಕೇಳಿ ತರಬೇಕು. ಇಲ್ಲದಿದ್ದರೆ ಅದರ 230 ವೋಲ್ಟ್ 24ರ ಸಾಲಿಗೆ ಹರಿಯುತ್ತದೆ. ಜೊತೆಗೆ ಮೋಟಾರಿನ ತಂತಿಯ ಸುತ್ತ ಕಚ್ಚಿಕೊಳ್ಳುವ ಒಂದು ಕರೆಂಟ್ ಅಳೆಯುವ ಕ್ಲ್ಯಾಂಪ್. ಈಗ ನನ್ನ ಫೋನ್ "ಮೋಟಾರು ಓಡುತ್ತಿದೆ" ಎಂದರೆ ತಂತಿಯಲ್ಲಿ ಕರೆಂಟ್ ಹರಿಯುತ್ತಿದೆ ಎಂದೇ ಅರ್ಥ. ಮೂವತ್ತು ನಿಮಿಷ ಮೀರಿ ಓಡಿದರೆ ನನಗೆ ಸಂದೇಶ ಬರುತ್ತದೆ. ಶಬ್ದದ ಪ್ರತಿಧ್ವನಿಯಿಂದ ಟ್ಯಾಂಕಿನ ನೀರಿನ ಮಟ್ಟ ತೋರಿಸುವ ಅಲ್ಟ್ರಾಸಾನಿಕ್ ಸೆನ್ಸರನ್ನೂ ಒಮ್ಮೆ ಹಾಕಿ ನೋಡಿದೆ. ಬೆಳಗಿನ ಹೊತ್ತು ಮುಚ್ಚಳದ ಒಳಗೆ ಹನಿಗಟ್ಟಿ ತಪ್ಪು ಲೆಕ್ಕ ಕೊಡುತ್ತಿತ್ತು. ತನ್ನ ಮೂತಿಯಿಂದ ಸುಮಾರು 20 ಸೆಂಟಿಮೀಟರ್‌ವರೆಗೆ ಅದಕ್ಕೆ ನೀರು ಕಾಣುವುದೂ ಇಲ್ಲ. ಟ್ಯಾಂಕ್ ತುಂಬುವ ಹೊತ್ತಿಗೇ ಕುರುಡಾಗುವ ಸೆನ್ಸರ್ ನನಗೇಕೆ? ತೆಗೆದುಬಿಟ್ಟೆ.

ಎರಡನೆಯ ಚಿಂತೆ ಅಮ್ಮನದೇ. ಬಿದ್ದರೆ, ಏಳಲಾಗದಿದ್ದರೆ, ನಮಗೆ ತಿಳಿಯುವುದು ಹೇಗೆ? ಹಾಲ್‌ನಲ್ಲಿ ಕ್ಯಾಮೆರಾ ಹಾಕೋಣ ಎಂದು ತಂಗಿ ಹೇಳಿದಳು. ಅಮ್ಮ ಒಪ್ಪಲಿಲ್ಲ. "ಕೂತರೆ ನಿಂತರೆ ಯಾರೋ ನೋಡುತ್ತಿದ್ದಾರೆ ಎಂದರೆ ಅದು ನನ್ನ ಮನೆಯೇ ಅಲ್ಲ ಕಣೋ. ಸೆರಗು ಸರಿಮಾಡಿಕೊಂಡೇ ಇರಬೇಕಾ?" ಎಂದಳು. ಅವಳ ಮಾತು ಸರಿ. ಕ್ಯಾಮೆರಾ ಒಂದೇ ಇದೆ, ಗೇಟಿನ ಕಡೆಗೆ ಮುಖಮಾಡಿದ್ದು, ದೃಶ್ಯಗಳು ಅದರೊಳಗಿನ ಮೆಮೊರಿ ಕಾರ್ಡ್‌ನಲ್ಲೇ ಉಳಿಯುತ್ತವೆ. ಮನೆಯೊಳಗೆ ಹಾಕಿದ್ದು ಫ್ರಿಜ್ಜಿನ ಬಾಗಿಲಿಗೆ, ಹೆಬ್ಬೆರಳಿನಷ್ಟು ಅಗಲದ ಒಂದು ಸೆನ್ಸರ್. ಜಿಗ್ಬಿ ಎಂಬ, ಕಡಿಮೆ ಕರೆಂಟ್ ಬಳಸುವ ರೇಡಿಯೊ ಸಂಪರ್ಕದ್ದು. ಬಾಗಿಲು ತೆರೆಯಿತೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಗೊತ್ತು. ಅಮ್ಮ ಐದೂವರೆಗೆ ಎದ್ದು ಕಾಫಿಗೆ ಹಾಲು ತೆಗೆಯದ ದಿನವಿಲ್ಲ. ಏಳೂವರೆಯಾದರೂ ಫ್ರಿಜ್ ತೆರೆಯದಿದ್ದರೆ ನನಗೂ ತಂಗಿಗೂ ಸಂದೇಶ ಬರುತ್ತದೆ. ನಾವು ಫೋನ್ ಮಾಡುತ್ತೇವೆ, ಎತ್ತದಿದ್ದರೆ ಪಕ್ಕದ ಮನೆಯವರಿಗೆ. ಅಮ್ಮನಿಗೆ ಇದನ್ನು ಮೊದಲೇ ವಿವರಿಸಿ, ಒಪ್ಪಿಗೆ ಪಡೆದೇ ಹಾಕಿದೆ. ಅದರ ಗುಂಡಿ ಸೆಲ್ ಒಂದು ವರ್ಷದ ಮೇಲೆ ಬಂತು. ಎರಡು ಸಲ ಸಂದೇಶ ಬಂದಿದೆ. ಒಂದು ಸಲ ಏಕಾದಶಿ ಉಪವಾಸ. ಇನ್ನೊಂದು ಸಲ ನಿಜವಾಗಿಯೂ ಜ್ವರ, ಎದ್ದು ಕೂರಲೂ ಆಗದಷ್ಟು. ಎಂಟು ಗಂಟೆಯೊಳಗೆ ಪಕ್ಕದ ಮನೆಯ ಆಂಟಿ ಅಮ್ಮನ ಬಳಿ ಇದ್ದರು.

ಇವೆಲ್ಲ ನಿಲ್ಲುವುದು ರೌಟರಿನ ಮೇಲೆ. ಸಾಧನಗಳಿಗೆ ಹಣ ಸುರಿಯುವ ಮುಂಚೆ ರೌಟರಿಗೂ ಫೈಬರ್ ಪೆಟ್ಟಿಗೆಗೂ ಸೇರಿ 12 ವೋಲ್ಟಿನ ಒಂದು ಪುಟ್ಟ ಯುಪಿಎಸ್ ತನ್ನಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅಗ್ಗದ ವೈಫೈ ಸಾಧನಗಳಲ್ಲಿ ಹೆಚ್ಚಿನವು ವೈಫೈಯ ಎರಡು ತರಂಗಪಟ್ಟಿಗಳಲ್ಲಿ (2.4 ಮತ್ತು 5 ಗಿಗಾಹರ್ಟ್ಸ್) 2.4ರಲ್ಲಿ ಮಾತ್ರ ಕೆಲಸ ಮಾಡುತ್ತವೆ, ರೌಟರಿನಲ್ಲಿ 2.4ಕ್ಕೂ 5ಕ್ಕೂ ಬೇರೆ ಬೇರೆ ಹೆಸರು ಕೊಟ್ಟರೆ ಜೋಡಿಸುವಾಗಿನ ಅರ್ಧ ತಲೆನೋವು ಕಡಿಮೆ. ಸಾಧನಗಳನ್ನು ಅತಿಥಿ ನೆಟ್‌ವರ್ಕಿಗೆ ಹಾಕಿ, ಬ್ಯಾಂಕಿನ ಕೆಲಸ ಮಾಡುವ ಫೋನಿನಿಂದ ದೂರವಿಟ್ಟಿದ್ದೇನೆ. ತಂದ ದಿನವೇ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸುತ್ತೇನೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾ, ರೌಟರುಗಳನ್ನು ವಶಮಾಡಿಕೊಂಡದ್ದು ಯಾರೂ ಬದಲಿಸದ ಅಂಥ ಪಾಸ್‌ವರ್ಡ್‌ಗಳಿಂದಲೇ. ಆ ಅಕ್ಟೋಬರ್ 21ರಂದು ಅವುಗಳ ಮೂಲಕ ನಡೆದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಗಂಟೆಗಟ್ಟಲೆ ತೊಡಕಿಗೆ ಸಿಲುಕಿದವು.

ಕಂಪನಿಯ ಸರ್ವರ್ ಮುಚ್ಚಿದರೆ? ಇದು ಬರಿಯ ಭಯವಲ್ಲ. ಮನೆಯ ಸಾಧನಗಳನ್ನೆಲ್ಲ ಒಂದೆಡೆ ಜೋಡಿಸುವ ರಿವಾಲ್ವ್ ಎಂಬ ಹಬ್ 2016ರ ಮೇ ತಿಂಗಳಲ್ಲಿ, ಕೊಂಡವರ ಮನೆಗಳಲ್ಲೇ ನಿಷ್ಪ್ರಯೋಜಕ ಪೆಟ್ಟಿಗೆಯಾಯಿತು. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್‌ನ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತವು. ಹಾಗಾಗಿ ಮನೆಯೊಳಗೇ ಮಾತನಾಡಿಕೊಳ್ಳುವ ಸಾಧನಗಳನ್ನು ಆಯ್ದುಕೊಳ್ಳುತ್ತೇನೆ: ಸೆನ್ಸರುಗಳಿಗೆ ಜಿಗ್ಬಿ, ಹೊಸದಾಗಿ ಕೊಳ್ಳುವುದಕ್ಕೆ ಬೇರೆ ಬೇರೆ ಕಂಪನಿಗಳ ಸಾಧನಗಳು ಒಟ್ಟಿಗೆ ಕೆಲಸ ಮಾಡಲೆಂದು 2022ರಲ್ಲಿ ಬಂದ ಮ್ಯಾಟರ್ ಗುರುತು. ಇವನ್ನೆಲ್ಲ ಒಂದೆಡೆ ನಡೆಸಲು ಮೈಸೂರಿನ ಮನೆಯ ಅಟ್ಟದ ಮೇಲೆ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ ಹಾಕಿದ್ದೇನೆ. ಅದನ್ನು ಕಲಿಯಲು ನನಗೆ ಎರಡು ತಿಂಗಳ ಭಾನುವಾರಗಳು ಹಿಡಿದವು. ಅಷ್ಟು ಬಿಡುವಿಲ್ಲದವರು ಅದಕ್ಕೆ ಕೈಹಾಕುವುದು ಬೇಡ. ಒಂದೇ ಕಂಪನಿಯ ಹಬ್ಬೊಂದು ಸಾಕು.

ಬೆಂಗಳೂರಿನ ಬಾಡಿಗೆ ಮನೆಯ ಪ್ರಶ್ನೆ ಬೇರೆ. ಅಲ್ಲಿ ನಾವು ನಾಲ್ವರು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಗೆ. ಮಳೆಗಾಲದಲ್ಲಿ ನಮ್ಮದು 190, 205 ಎಂದು ಆ ಗೆರೆಯ ಮೇಲೇ ತೂಗಾಡುತ್ತಿತ್ತು. ಎಷ್ಟು ಕರೆಂಟ್ ಖರ್ಚಾಯಿತೆಂದು ತೋರಿಸುವ 16 ಆಂಪಿಯರಿನ ಸ್ಮಾರ್ಟ್ ಪ್ಲಗ್ ಒಂದನ್ನೇ ತಂದು, ವಾರಕ್ಕೊಂದು ಸಾಧನಕ್ಕೆ ಬದಲಿಸುತ್ತ ಹೋದೆ. 15 ಲೀಟರಿನ, 2000 ವ್ಯಾಟಿನ ನಮ್ಮ ಗೀಸರ್‌ಗೆ ನೀರು ಕಾಯಿಸಲು ಇಪ್ಪತ್ತು, ಇಪ್ಪತ್ತೆರಡು ನಿಮಿಷ ಸಾಕು. ನಾವು ಒಂದೊಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೂ ಮರೆತು ಬಿಡುತ್ತಿದ್ದೆವು. ಟಿವಿಯ ಸೆಟ್‌ಟಾಪ್ ಪೆಟ್ಟಿಗೆ, ರಿಮೋಟಿನಲ್ಲಿ ಆರಿಸಿದ ಮೇಲೂ 9 ವ್ಯಾಟ್ ಎಳೆಯುತ್ತಿತ್ತು, ತಿಂಗಳಿಗೆ ಐದಾರು ಯೂನಿಟ್. ಅದನ್ನು ಈಗ ಗೋಡೆಯ ಸ್ವಿಚ್ಚಿನಲ್ಲೇ ಆರಿಸುತ್ತೇವೆ. ಅದಕ್ಕೊಂದು ಪ್ಲಗ್ ಬೇಕಾಗಲಿಲ್ಲ. ತಂದ ಪ್ಲಗ್ ಗೀಸರಿನಲ್ಲೇ ನೆಲೆನಿಂತಿತು, ಅರ್ಧ ಗಂಟೆಗೆ ತಾನಾಗಿ ಆರುತ್ತದೆ. ಫ್ಯಾನುಗಳನ್ನು ಒಂದೊಂದಾಗಿ ಬಿಎಲ್‌ಡಿಸಿ ಎಂಬ ಕಡಿಮೆ ಕರೆಂಟಿನ ಮೋಟಾರಿನವಕ್ಕೆ ಬದಲಿಸಿದೆ. 75 ವ್ಯಾಟಿನ ಜಾಗದಲ್ಲಿ 30ರ ಆಸುಪಾಸು. ವೈಫೈ ಇರುವ ಮಾದರಿಗೆ ಹೆಚ್ಚು ಹಣ ಕೊಡಲಿಲ್ಲ. ಕಳೆದ ಮಳೆಗಾಲ 180ರ ಮೇಲೆ ಹೋಗಲಿಲ್ಲ.

ಮುಂಬಾಗಿಲಿಗೆ ಬೆರಳಚ್ಚಿನ ಬೀಗ ಹಾಕಿಸಿ ಎಂದು ಹಲವರು ಹೇಳಿದ್ದಾರೆ. ಸದ್ಯಕ್ಕೆ ಇಲ್ಲ. ಪಾತ್ರೆ ತೊಳೆದು ಸವೆದ ಅಮ್ಮನ ಬೆರಳನ್ನು ಬ್ಯಾಂಕಿನ ಯಂತ್ರವೇ ನಾಲ್ಕು ಸಲ ತಿರಸ್ಕರಿಸುತ್ತದೆ. ಮಳೆಯಲ್ಲಿ ಹೊರಗೆ ನಿಂತು ಅವಳು ಮತ್ತೆ ಮತ್ತೆ ಬೆರಳು ಒತ್ತುವುದನ್ನು ಊಹಿಸಿಕೊಳ್ಳಲೂ ನನಗೆ ಇಷ್ಟವಿಲ್ಲ.

ಹೋದ ತಿಂಗಳು ಅಮ್ಮ ತಾನಾಗಿಯೇ ಒಂದು ಬೇಡಿಕೆ ಇಟ್ಟಳು. "ಟ್ಯಾಂಕ್ ತುಂಬಿದ್ದು ನಿನಗೆ ಬೆಂಗಳೂರಿನಲ್ಲಿ ಗೊತ್ತಾಗುತ್ತದೆ. ಇಲ್ಲಿ ಒಲೆಯ ಮುಂದಿರುವ ನನಗೆ ಗೊತ್ತಾಗುವುದು ಬೇಡವೇ?" ನಾನು ಫೋನ್ ತೋರಿಸಲು ಹೋದೆ, ಅವಳು ಬೇಡವೆಂದು ತಲೆಯಾಡಿಸಿದಳು. ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ ಗುಂಡಿಗಳ ಮೇಲೆ 24 ವೋಲ್ಟಿನ ಎರಡು ಸಣ್ಣ ದೀಪ ಹಾಕಿಸಿದೆ: ಮೋಟಾರು ಓಡುವಾಗ ಕೆಂಪು, ಟ್ಯಾಂಕ್ ತುಂಬಿದಾಗ ಹಸಿರು. ಆ ಭಾನುವಾರ ಒಗ್ಗರಣೆಗೆ ಸಾಸಿವೆ ಹಾಕುತ್ತ ಅಮ್ಮ ಒಮ್ಮೆ ತಲೆಯೆತ್ತಿ ನೋಡಿ, "ತುಂಬಿತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಫೋನಿಗೂ ಸಂದೇಶ ಬಂತು.