ಗ್ರಾಮ ಸಭೇಲಿ ಎಲ್ಲರ ಮಾತೂ ಕೇಳಿಸೋ ಹಾಗೆ ನಡೆಸೋದು ಹೇಗೆ?

ಗ್ರಾಮ ಸಭೆ ಅಂದ್ರೆ ನಮ್ಮ ಕಡೆ ಜನಕ್ಕೆ ಕಣ್ಮುಂದೆ ಬರೋದು ಒಂದು ಶಾಮಿಯಾನ, ಕೀಂಯ್ ಅನ್ನೋ ಮೈಕು, ಮುಂದಿನ ಸಾಲಲ್ಲಿ ಕೂತು ಜೋರು ಮಾಡೋ ಅದೇ ಐದಾರು ಜನ. ನಾನು ಒಂದು ಅವಧಿ ಪಂಚಾಯ್ತಿ ಮೆಂಬರ್ ಆಗಿದ್ದೆ, ಅದಕ್ಕೂ ಮುಂಚೆ ಎಷ್ಟೋ ವರ್ಷ ಹಿಂದೆ ನಿಂತು ಕೈ ಎತ್ತಿ ಮಾತಾಡೋಕೆ ಅವಕಾಶ ಸಿಗದೆ ವಾಪಸ್ ಬಂದಿದ್ದೀನಿ, ಹಂಗಾಗಿ ಎರಡೂ ಕಡೆ ಕಷ್ಟ ಗೊತ್ತು. ಸಭೆ ನ್ಯಾಯವಾಗಿ ನಡೀತು ಅಂತ ಹೇಳ್ಬೇಕಾದ್ರೆ ಮೆತ್ತಗೆ ಮಾತಾಡೋರ ಮಾತೂ ನಡಾವಳಿ ಪುಸ್ತಕದಲ್ಲಿ ಇರ್ಬೇಕು, ನಾನು ಅಳೆಯೋದು ಅದರಿಂದ್ಲೇ.

ಮೊದಲು ಒಂದು ವಿಷ್ಯ ತಲೇಲಿ ಇಟ್ಕೊಳಿ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ (ಈಗ ಗ್ರಾಮ ಸ್ವರಾಜ್ ಅಂತ ಹೆಸರಿಗೆ ಸೇರಿದೆ) ಪ್ರಕಾರ ಆರು ತಿಂಗಳಿಗೆ ಒಂದ್ಸಲಾದ್ರೂ ಗ್ರಾಮ ಸಭೆ ಆಗ್ಬೇಕು, ಅಧ್ಯಕ್ಷರು ಮುಂದೆ ನಿಂತು ನಡೆಸ್ಬೇಕು, ಮತದಾರರ ಪಟ್ಟೀಲಿ ಹೆಸರಿರೋ ಪ್ರತಿಯೊಬ್ಬರೂ ಅದರ ಸದಸ್ಯರು. ಅಂದ್ರೆ ಅಲ್ಲಿ ಬಂದು ಮಾತಾಡೋರು ಅರ್ಜಿ ಹಿಡ್ಕೊಂಡು ದಯೆ ಕೇಳೋಕೆ ಬಂದೋರಲ್ಲ, ಅದು ಅವರದ್ದೇ ಸಭೆ. ಇಷ್ಟು ಮನಸಿಗೆ ಇಳಿದ್ರೆ ಅರ್ಧ ಕೆಲಸ ಆದಂಗೆ.

ಇನ್ನು ತಯಾರಿ. ಗ್ರಾಮ ಸಭೆಗೂ ಮುಂಚೆ ವಾರ್ಡ್ ಸಭೆಗಳು ಆಗಿರ್ಬೇಕು, ಅಲ್ಲಿ ಬಂದ ಬೇಡಿಕೆ ಎಲ್ಲ ಪಟ್ಟಿ ಮಾಡಿ ತರ್ಬೇಕು. ವಾರ್ಡ್ ಸಭೆನ ಮನೇಲಿ ಕೂತು ಕಾಗದದ ಮೇಲೆ ಮುಗಿಸಿದ್ರೆ ಗ್ರಾಮ ಸಭೇಲಿ ಗಲಾಟೆ ಗ್ಯಾರಂಟಿ, ಯಾಕಂದ್ರೆ ಜನಕ್ಕೆ ಹೇಳ್ಕೊಳೋಕೆ ಬೇರೆ ಜಾಗಾನೇ ಇರಲ್ಲ. ದಿನಾಂಕ ಗೊತ್ತಾದ ತಕ್ಷಣ ಡಂಗುರ ಹೊಡೆಸಿ, ಎಲ್ಲಾ ಕೇರಿಗೂ ಹೋಗ್ಬೇಕು, ಬಸ್ ಸ್ಟಾಂಡ್ ಹತ್ರ ಮಾತ್ರ ಸಾರಿ ವಾಪಸ್ ಬರೋದಲ್ಲ. ಡೈರಿಗೆ ಹಾಲು ಹಾಕೋ ಹೊತ್ತು, ಕೂಲಿಗೆ ಹೋಗೋ ಹೊತ್ತು ತಪ್ಪಿಸಿ ಟೈಮ್ ಇಡಿ.

ಜಾಗದ ವಿಷ್ಯದಲ್ಲಿ ಸ್ವಲ್ಪ ನಿಲ್ತೀನಿ, ಇದನ್ನ ಯಾರೂ ಬಾಯ್ಬಿಟ್ಟು ಹೇಳಲ್ಲ. ದೇವಸ್ಥಾನದ ಮುಂದೆ ಸಭೆ ಇಟ್ರೆ ಕೆಲವು ಮನೆಯೋರು ರಸ್ತೆ ಆಚೆನೇ ನಿಲ್ತಾರೆ, ಕರೆದ್ರೂ ಬರಲ್ಲ, ನಾವು "ಅವರಿಗೆ ಆಸಕ್ತಿ ಇಲ್ಲ" ಅಂತ ಬರ್ಕೊಂಡು ಹೋಗ್ತೀವಿ. ದೊಡ್ಡ ಗೌಡ್ರ ಮನೆ ಜಗಲಿ ಪಕ್ಕ ಇಟ್ರೂ ಅದೇ ಕಥೆ. ಸರ್ಕಾರಿ ಶಾಲೆ ಮೈದಾನ ಇಲ್ಲಾ ಪಂಚಾಯ್ತಿ ಆಫೀಸ್ ಅಂಗಳ ಒಳ್ಳೇದು, ಎಲ್ಲರೂ ಯಾವ ಅಳುಕೂ ಇಲ್ದೆ ಕಾಲಿಡೋ ಜಾಗ ಆಗಿರ್ಬೇಕು.

ಸಭೆ ದಿನ ಕುರ್ಚಿ ಮುಂದಿನ ಸಾಲು ಯಾರಿಗೂ ರಿಸರ್ವ್ ಬೇಡ. ಹೆಂಗಸರು ಹಿಂದೆ ಗೋಡೆ ಪಕ್ಕ ಕೂರ್ತಾರೆ ಅಂತ ಗೊತ್ತಿರತ್ತಲ್ಲ, ಒಂದು ಬದಿ ಪೂರ್ತಿ ಮುಂದಿಂದ ಹಿಂದಿನ ತನಕ ಅವರಿಗೇ ಬಿಡಿ. ಮಾತಾಡೋಕೆ ಇಷ್ಟ ಇರೋರ ಹೆಸರು ಬಾಗಿಲಲ್ಲಿ ಹಾಜರಿ ಸಹಿ ಹಾಕಿಸೋವಾಗ್ಲೇ ಬರ್ಕೊಳಿ, ಬರೆಯೋಕೆ ಬರ್ದೇ ಇರೋರಿಗೆ ಪಂಚಾಯ್ತಿ ಹುಡುಗ ಬರ್ಕೊಡ್ಲಿ, ಆಮೇಲೆ ಆ ಪಟ್ಟಿ ಪ್ರಕಾರ ಕರೀರಿ, ಒಬ್ಬೊಬ್ಬರಿಗೆ ಮೂರು ನಿಮಿಷ ಅಂತ ಶುರುವಲ್ಲೇ ಹೇಳ್ಬಿಡಿ. ಒಂದ್ಸಲ ಮಾತಾಡಿದೋರಿಗೆ ಎರಡನೇ ಸಲ ಮೈಕ್ ಕೊಡೋದು ಪಟ್ಟಿ ಪೂರ್ತಿ ಮುಗಿದ್ಮೇಲೆ. ಮೈಕ್ ಹಿಡ್ಕೊಂಡು ಓಡಾಡೋಕೆ ಒಬ್ಬರು ಇರ್ಲಿ, ಅವರು ಯಾವ ಪಾರ್ಟಿಗೂ ಸೇರದೋರಾದ್ರೆ ಒಳ್ಳೇದು, ಶಾಲೆ ಮೇಷ್ಟ್ರು ಆದ್ರೆ ನಡೆಯತ್ತೆ.

ಈಗ ಕಷ್ಟದ ಭಾಗ. ನಿಮ್ಮ ಕಡೆಯೋನೇ ಎದ್ದು ಕೂಗಾಡಿದ್ರೆ?

ನಮ್ಮಲ್ಲಿ ವಸತಿ ಯೋಜನೆ ಪಟ್ಟಿ ಓದೋ ದಿನ ಇದೇ ಆಯ್ತು. ನನ್ನ ಚಿಕ್ಕಪ್ಪನ ಮಗ, ಎಲೆಕ್ಷನ್ನಲ್ಲಿ ನನಗೋಸ್ಕರ ಹಗಲು ರಾತ್ರಿ ಓಡಾಡಿದ್ದೋನು, ಇನ್ನೊಬ್ಬರು ಮಾತಾಡ್ತಿರೋವಾಗ ಎದ್ದು "ಏಯ್ ಕೂತ್ಕೊಳೋ, ನಿಂಗೇನ್ ಗೊತ್ತು" ಅಂದ. ಅದಕ್ಕೆ ಐದು ನಿಮಿಷ ಮುಂಚೆ ವಿರೋಧಿ ಕಡೆ ಒಬ್ಬರು ಹಂಗೇ ಅಂದಾಗ ನಾವೆಲ್ಲ ಅವರನ್ನ ಹೊರಗೆ ಕಳಿಸಿ ಅಂತ ಕೂಗಿದ್ವಿ. ನೋಡಲ್ ಅಧಿಕಾರಿ (ಸಭೆ ನೋಡ್ಕೊಳೋಕೆ ಸರ್ಕಾರದ ಕಡೆಯಿಂದ ಬಂದಿದ್ದೋರು) ಮೇಡಂ ನನ್ನ ಮುಖ ನೋಡಿದ್ರು, ಏನೂ ಹೇಳ್ಲಿಲ್ಲ. ನಾನು ಎದ್ದು ಹೋಗಿ "ಅಣ್ಣಾ, ನಿನ್ನ ಸರದಿ ಬಂದಾಗ ಮಾತಾಡು, ಈಗ ಅವರ ಟೈಮು, ಇನ್ನೊಂದ್ಸಲ ಆದ್ರೆ ಹೊರಗೆ ನಿಂತ್ಕೋಬೇಕಾಗತ್ತೆ" ಅಂದೆ. ಅವನು ಮೂರು ತಿಂಗಳು ನನ್ನ ಹತ್ರ ಮಾತು ಬಿಟ್ಟ, ಮನೇಲೂ ಬೈಸ್ಕೊಂಡೆ. ಆದ್ರೆ ಆ ದಿನದಿಂದ ಸಭೇಲಿ "ಕೂತ್ಕೊಳಿ" ಅಂದ್ರೆ ಎರಡೂ ಕಡೆಯೋರು ಕೂರ್ತಿದ್ರು. ಹಂಗಾಗಿ ರೂಲ್ ಇಷ್ಟೇ ಇಟ್ಕೊಳಿ, ಮೊದಲ ಸಲ ಹೆಸರು ಹಿಡಿದು ಎಚ್ಚರಿಕೆ, ಎರಡನೇ ಸಲ ಆ ವಿಷ್ಯದ ಮೇಲೆ ಅವರಿಗೆ ಮೈಕ್ ಇಲ್ಲ, ಮೂರನೇ ಸಲ ಶಾಮಿಯಾನದಿಂದ ಆಚೆ. ಜಾತಿ ಹಿಡಿದು, ಹೆಂಗಸರ ಬಗ್ಗೆ ಕೆಟ್ಟದಾಗಿ ಮಾತಾಡಿದ್ರೆ ಮಾತ್ರ ಮೂರರ ತನಕ ಕಾಯೋದು ಬೇಡ, ಆಗಲೇ ನಿಲ್ಲಿಸಿ. ಅಧಿಕಾರಿಗಳನ್ನ, ಅಧ್ಯಕ್ಷರನ್ನ ಕೋಪದಿಂದ ಪ್ರಶ್ನೆ ಕೇಳೋದು ಬೇರೆ, ಅದನ್ನ ಗಲಾಟೆ ಅಂತ ಹೆಸರಿಟ್ಟು ಬಾಯಿ ಮುಚ್ಚಿಸ್ಬೇಡಿ, ನೀರು ಬರದೆ ಇರೋರು ಸಿಟ್ಟಲ್ಲೇ ಮಾತಾಡ್ತಾರೆ.

ವಸತಿ ಪಟ್ಟಿ ಥರ ಜಗಳದ ವಿಷ್ಯ ಇದ್ರೆ ಹೆಸರು ಓದೋಕೆ ಮುಂಚೆ ಅರ್ಹತೆ ಏನು ಅಂತ ಗಟ್ಟಿಯಾಗಿ ಓದಿ, ಆಮೇಲೆ ಒಂದೊಂದೇ ಹೆಸರು, ಪ್ರತಿ ಹೆಸರಿಗೂ "ಆಕ್ಷೇಪಣೆ ಇದೆಯಾ" ಅಂತ ಕೇಳಿ ಸ್ವಲ್ಪ ಸುಮ್ಮನೆ ನಿಲ್ಲಿ. ನಿಮ್ಮ ನೆಂಟರ ಹೆಸರು ಬಂದಾಗ ನೀವು ಆ ಚರ್ಚೆ ನಡೆಸ್ಬೇಡಿ.

ಇನ್ನೊಂದು. ನಮ್ಮ ರಾಜ್ಯದ ಪಂಚಾಯ್ತಿಗಳಲ್ಲಿ ಹೆಂಗಸರಿಗೆ 50 ಪರ್ಸೆಂಟ್ ಮೀಸಲಾತಿ ಇದೆ, ಆದ್ರೂ ಎಷ್ಟೋ ಕಡೆ ಅಧ್ಯಕ್ಷೆಯ ಪಕ್ಕ ಅವರ ಯಜಮಾನರಿಗೂ ಒಂದು ಕುರ್ಚಿ ಹಾಕಿರ್ತಾರೆ, ಉತ್ತರಾನೂ ಅವರೇ ಕೊಡ್ತಾರೆ. ಆ ಕುರ್ಚಿ ಹಾಕ್ಲೇಬೇಡಿ. ಅವರೂ ಮತದಾರರೇ, ಎಲ್ಲರ ಜೊತೆ ಕೆಳಗೆ ಕೂತು ಪಟ್ಟೀಲಿ ಹೆಸರು ಬರೆಸಿ ಮಾತಾಡ್ಲಿ. ಅಧ್ಯಕ್ಷೆ ತಡವರಿಸಿದ್ರೆ ಪರ್ವಾಗಿಲ್ಲ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಪಕ್ಕದಲ್ಲಿ ಕೂತು ಲೆಕ್ಕ ತೋರಿಸ್ಲಿ, ಎರಡನೇ ಸಭೆ ಹೊತ್ತಿಗೆ ಅವರೇ ಸಲೀಸಾಗಿ ನಡೆಸ್ತಾರೆ, ನಾನು ನೋಡಿದ್ದೀನಿ.

ಕೊನೇ ಕೆಲಸ ನಡಾವಳಿ, ಮೋಸ ಆಗೋದೆಲ್ಲ ಇಲ್ಲೇ. ಒಂದು ಸಭೇಲಿ ಕಂಬದ ಹಿಂದೆ ನಿಂತಿದ್ದ ಅಜ್ಜಿ ಒಬ್ಬರು, ಸೊಂಟದಲ್ಲಿ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರಿಂದ ಮಡಚಿದ ಅರ್ಜಿ ತೆಗೆದು, ಮೈಕ್ ಕೊಟ್ರೂ ಬೇಡ ಅಂತ ಕೈ ಆಡಿಸಿ, "ನಮ್ಮ ಕೇರಿ ನಲ್ಲೀಲಿ ನೀರು ಬಂದು ಹನ್ನೊಂದು ದಿನ ಆಯ್ತಪ್ಪ" ಅಂದ್ರು, ಅಷ್ಟೇ. ಸಂಜೆ ಪುಸ್ತಕ ತೆಗೆದು ನೋಡಿದ್ರೆ "ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು" ಅಂತ ಇತ್ತು. ಕೇರಿ ಇಲ್ಲ, ದಿನ ಇಲ್ಲ, ಕೇಳಿದೋರ ಹೆಸರಿಲ್ಲ, ಯಾರು ಯಾವಾಗ ಸರಿ ಮಾಡ್ತಾರೆ ಅನ್ನೋದೂ ಇಲ್ಲ. ಹೊಟ್ಟೆ ಉರೀತು. ಅದಕ್ಕೆ ಹೇಳ್ತಿರೋದು, ಬರೆಯೋದು ಅಲ್ಲೇ ಆಗ್ಲಿ, ಜನ ಎದ್ದು ಹೋಗೋ ಮುಂಚೆ. ಯಾರು ಕೇಳಿದ್ರು, ಏನು ಕೇಳಿದ್ರು, ಏನು ತೀರ್ಮಾನ ಆಯ್ತು, ಜವಾಬ್ದಾರಿ ಯಾರದ್ದು, ಯಾವ ತಾರೀಖಿನೊಳಗೆ ಆಗ್ಬೇಕು, ಒಪ್ಪದೇ ಇದ್ದೋರು ಏನಂದ್ರು, ಎಲ್ಲಾ ಬರೆದು ಮೈಕಲ್ಲಿ ಗಟ್ಟಿಯಾಗಿ ಓದಿ, ತಿದ್ದೋದು ಇದ್ರೆ ತಿದ್ದಿ. ಮುಂದಿನ ಸಭೆ ಶುರು ಮಾಡೋವಾಗ ಮೊದಲು ಓದ್ಬೇಕಾಗಿರೋದೂ ಇದೇ ಪುಟ, ಯಾವುದು ಆಯ್ತು ಯಾವುದು ಆಗಿಲ್ಲ ಅಂತ. ಓದಿ ಆದ್ಮೇಲೆ ಕೊನೇ ಸಾಲಿನ ಕೆಳಗೆ ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆಸಿ, ಆಮೇಲೆ ಸಹಿ ಹಾಕಿ.