ಕ್ಯಾನ್ಸರ್ ಮರಳುವ ಭಯ: ಪದೇ ಪದೇ ಮುಟ್ಟಿ ನೋಡುವುದನ್ನು ತಗ್ಗಿಸುವುದು ಹೇಗೆ?

ಸ್ತನ ಕ್ಯಾನ್ಸರ್‌ನ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಮನೆಗೆ ಬಂದ ಮೇಲೆಯೇ ಹಲವರಿಗೆ ಭಯ ಹೆಚ್ಚುತ್ತದೆ. ಅಲ್ಲಿಯವರೆಗೆ ಆಗಾಗ ನೋಡುತ್ತಿದ್ದ ವೈದ್ಯರು ಈಗ ಸಿಗುವುದು ಮೂರೋ ಆರೋ ತಿಂಗಳಿಗೊಮ್ಮೆ. ಹಾರ್ಮೋನ್ ತಗ್ಗಿಸಲು ಕೊಡುವ ಲೆಟ್ರೋಜೋಲ್ ಮಾತ್ರೆಯಿಂದ ಬರುವ ಕೀಲುನೋವೂ ಕ್ಯಾನ್ಸರ್ ಮೂಳೆಗೆ ಹರಡಿದ್ದರ ಗುರುತಿನಂತೆ ಕಾಣುತ್ತದೆ.

ಕೈ ತಾನಾಗಿ ಗಾಯದ ಜಾಗಕ್ಕೆ ಹೋಗುತ್ತದೆ. ಏನೂ ಸಿಗದಿದ್ದರೆ ಕ್ಷಣಕಾಲ ನಿರಾಳ. ಆ ನಿರಾಳದ ರುಚಿಯೇ ಮತ್ತೆ ಮುಟ್ಟಿಸುತ್ತದೆ. ಹೆಚ್ಚು ಒತ್ತಿದರೆ ಜಾಗ ನೋಯುತ್ತದೆ, ಆ ನೋವೇ ಹೊಸ ಲಕ್ಷಣವೆನಿಸುತ್ತದೆ. ಚಿಕ್ಕ ವಯಸ್ಸಿನವರಲ್ಲಿ, ಅನಿಶ್ಚಿತತೆ ಸಹಿಸಲಾಗದವರಲ್ಲಿ ಈ ಸುಳಿ ಬಿಗಿ. ‘ಚಿಂತೆ ಮಾಡಿದರೆ ತಾನೇ ಬೇಗ ಪತ್ತೆಯಾಗುವುದು’ ಎಂಬ ನಂಬಿಕೆ ಇದ್ದರಂತೂ ಬಿಡಿಸಿಕೊಳ್ಳುವುದು ಕಷ್ಟ.

ಮೊದಲು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ: ಯಾವ ಲಕ್ಷಣಕ್ಕೆ ಕೂಡಲೇ ಬರಬೇಕು, ಯಾರಿಗೆ ಫೋನ್ ಮಾಡಬೇಕು. ಹೊಸ ಗಂಟು, ಗಾಯದ ಚರ್ಮದಲ್ಲಿ ಬದಲಾವಣೆ, ಉಸಿರಾಟದ ತೊಂದರೆ, ಕಾಲಿನ ಬಲ ಕುಗ್ಗುವುದು ಇವಕ್ಕೆ ಕಾಯಬಾರದು. ಸಣ್ಣಪುಟ್ಟ ನೋವು ಎರಡು ವಾರ ಕಳೆದರೂ ಹೋಗದಿದ್ದರೆ, ಇಲ್ಲವೇ ಹೆಚ್ಚುತ್ತಿದ್ದರೆ ತೋರಿಸಿ.

ಆಮೇಲೆ ಒಂದು ವಾರ ಲೆಕ್ಕ ಇಡಿ: ಎಷ್ಟು ಸಲ ಮುಟ್ಟಿದಿರಿ, ಅದಕ್ಕೆ ಮುಂಚೆ ಏನಾಗಿತ್ತು. ‘ನೀವೂ ಒಮ್ಮೆ ನೋಡ್ರೀ’ ಎಂದು ಮನೆಯವರನ್ನು ಕೇಳುವುದು, ಮೊಬೈಲಿನಲ್ಲಿ ಲಕ್ಷಣ ಹುಡುಕುವುದು ಕೂಡ ಲೆಕ್ಕಕ್ಕೆ ಸೇರಬೇಕು. ದಿನಕ್ಕೆ ಹತ್ತು ಸಲವಿದ್ದರೆ ಐದಕ್ಕೆ, ಮುಂದೆ ಎರಡಕ್ಕೆ ಇಳಿಸಿ. ಒಂದೇ ಏಟಿಗೆ ನಿಲ್ಲಿಸಹೋದವರು ಸೋಲುವುದುಂಟು. ಮುಟ್ಟಬೇಕೆನಿಸಿದಾಗ ಹದಿನೈದು ನಿಮಿಷ ಮುಂದೂಡಿ. ತುಡಿತ ಏರಿ ತಾನಾಗಿ ಇಳಿಯುವುದು ಕಾಣುತ್ತದೆ. ಕೊನೆಗೆ ನಿಲ್ಲಬೇಕಾದದ್ದು ತಿಂಗಳಿಗೊಂದು ಸಲಕ್ಕೆ: ಮುಟ್ಟಾಗುವವರು ಮುಟ್ಟು ಮುಗಿದ ಕೆಲವು ದಿನಗಳಿಗೆ, ನಿಂತವರು ಪ್ರತಿ ತಿಂಗಳ ಒಂದೇ ತಾರೀಖಿಗೆ.

ಯೋಚನೆಯನ್ನು ಬಲವಂತವಾಗಿ ದಬ್ಬಿದಷ್ಟೂ ಅದು ಮರಳುತ್ತದೆ. ಅದಕ್ಕೇ ಸಂಜೆ ಇಪ್ಪತ್ತು ನಿಮಿಷ ಮೀಸಲಿಟ್ಟು ಚಿಂತೆಯನ್ನೆಲ್ಲ ಬರೆಯಿರಿ; ಮಲಗುವ ಹೊತ್ತಿನಲ್ಲಿ ಬೇಡ.

ಕೆಲವರದು ತದ್ವಿರುದ್ಧ: ಭಯಕ್ಕೆ ಮ್ಯಾಮೊಗ್ರಾಮನ್ನೇ (ಸ್ತನದ ಎಕ್ಸ್‌ರೇ) ತಪ್ಪಿಸುತ್ತಾರೆ. ಇದು ಹೆಚ್ಚು ಅಪಾಯ. ಅಂಥವರು, ಹಾಗೆಯೇ ನಿದ್ದೆಗೆಟ್ಟವರು, ಮನೋವೈದ್ಯರ ಬಳಿಗೆ ಕಳಿಸಿ ಎಂದು ವೈದ್ಯರನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಸ್ಕ್ಯಾನ್‌ಗೆ ಹೋದ ದಿನವೇ ರಿಪೋರ್ಟ್ ಯಾವತ್ತು ಬರುತ್ತದೆ, ಯಾರು ಹೇಳುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ರಾತ್ರಿ ಫೋನಿಗೆ ಬಂದರೆ ಒಬ್ಬರೇ ತೆರೆಯಬೇಡಿ.